ಮೀಟರ್ ತಾತ ಕೇಳಿದ ಕೆಂಪು ಬಲ್ಬು

ಬ್ಯಾಟರಿ ಹೆಗಲ ಮೇಲಿತ್ತು. ರಾತ್ರಿ ಹನ್ನೊಂದು ದಾಟಿತ್ತು. ದಾರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಹೊತ್ತವನು ನನ್ನ ಷಡ್ಡಕ. ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಯಾರಿಗೋ ಆಯಿತಂತೆ, ಅವರು ಇವರಿಗೆ ಹೇಳಿದರಂತೆ, ಇವರು ನನಗೆ ಹೇಳಿದರಂತೆ ಅನ್ನೋ ಬಾಬತ್ತಲ್ಲ ಇದು. ಅರ್ಧ ಅವನಿಗೆ ಆಯಿತು. ಉಳಿದರ್ಧ ನನ್ನ ಈ ಎರಡು ಕಣ್ಣೆದುರು ಆಯಿತು. ಆ ಕಣ್ಣು ಆಗ ಈಗಿನಷ್ಟು ಮಂಜಾಗಿರಲಿಲ್ಲ.

ಬ್ಯಾಟರಿಯನ್ನು ಗೋಣಿಚೀಲದಲ್ಲಿ ಸುತ್ತಿ ಹೆಗಲಿಗೆ ಏರಿಸಿದ್ದ. ಹೆಜ್ಜೆ ಹೆಜ್ಜೆಗೂ ಒಳಗಿನ ಆಸಿಡ್ಡು ಗುಳುಕ್... ಗುಳುಕ್... ಅನ್ನುತ್ತಿತ್ತು. ಆ ತಿಂಗಳಲ್ಲಿ ಅದನ್ನು ಹಾಗೆ ಹೊತ್ತು ತಂದಿದ್ದು ಹನ್ನೊಂದನೇ ಸಲ. ಸಂಜೆ ಚಾರ್ಜಿಂಗ್ ಅಂಗಡಿಗೆ ಕೊಡೋದು, ರಾತ್ರಿ ತರೋದು, ಬೆಳಗಿನ ಜಾವ ಗಾಡಿಗೆ ಹಾಕೋದು, ಮಧ್ಯಾಹ್ನದೊಳಗೆ ಅದು ಸಾಯೋದು. ಅವನ ಅಂಗಿಯ ಹೆಗಲು ಆಸಿಡ್ಡು ಬಿದ್ದು ಜರಡಿ ಆಗಿತ್ತು.

ಹಳೇ ಬಾವಿಯ ತಿರುವಿಗೆ ಬಂದ. ಆ ಬಾವಿಯಲ್ಲಿ ನೀರು ಸೇದೋದು ಬಿಟ್ಟು ಎಷ್ಟೋ ವರ್ಷ ಆಗಿತ್ತು. ರಾಟೆ ಮಾತ್ರ ಉಳಿದಿತ್ತು. ಗಾಳಿ ಬೀಸಿದರೆ ಕಿರ್ರ್... ಅನ್ನುತ್ತಿತ್ತು. ಅದರ ಪಕ್ಕದಲ್ಲೇ ಒಂದು ತಗಡಿನ ಶೆಡ್ಡು. ಅದು ಮೀಟರ್ ತಾತನದು. ಕಾರಿನ ಕರೆಂಟ್ ಕೆಲಸದಲ್ಲಿ ಅವನನ್ನು ಮೀರಿಸಿದವರು ಇರಲಿಲ್ಲ. ಯಾವ ಗಾಡಿ ಬಂದರೂ ಮೊದಲು ಸ್ಟೇರಿಂಗ್ ಹಿಂದಿನ ಮೀಟರಿನ ಗಾಜಿಗೆ ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಎರಡು ಸಲ ತಟ್ಟಿಯೇ ಕೆಲಸ ಶುರು ಮಾಡುತ್ತಿದ್ದ. ಟಕ್... ಟಕ್. ಡಾಕ್ಟರು ಎದೆ ತಟ್ಟಿ ನೋಡಿದ ಹಾಗೆ. ಅದಕ್ಕೇ ಆ ಹೆಸರು.

ತಾತ ಸತ್ತು ಆಗಲೇ ಎರಡು ವರ್ಷ. ಶೆಡ್ಡಿನ ಬೀಗ ತುಕ್ಕು ಹಿಡಿದು ಬಾಗಿಲಿಗೇ ಅಂಟಿಕೊಂಡಿತ್ತು.

ಟಕ್... ಟಕ್.

ಷಡ್ಡಕ ನಿಂತ. ರಾಟೆ ಇರಬೇಕು ಅಂದುಕೊಂಡ. ಗಾಳಿ ಇರಲಿಲ್ಲ.

ಟಕ್... ಟಕ್.

ಗಾಜಿನ ಮೇಲೆ ಮರ. ಶೆಡ್ಡಿನ ಒಳಗಿಂದ. ಆಮೇಲೆ, ಕಿವಿಯ ಪಕ್ಕದಲ್ಲೇ, ಬ್ಯಾಟರಿ ಇದ್ದ ಹೆಗಲಿನ ಕಡೆಯಿಂದ, ಪಿಸುಮಾತು...

"ಕೆಂಪು ಬಲ್ಬು ಯಾರು ಕಿತ್ತಿದ್ದು?"

ಇವನು ಆದರೂ ಕೇಳಿದ. "ಯಾ... ಯಾವ ಬಲ್ಬು?"

"ಮೀಟರಿಂದು."

ಅಷ್ಟೇ. ಆಮೇಲೆ ಅವನು ಓಡಿದ ಓಟ ನೋಡಿದ್ದರೆ ಕುದುರೆಗಳು ನಾಚಿ ಹುಲ್ಲು ಬಿಡುತ್ತಿದ್ದವು. ಬ್ಯಾಟರಿ ಮಾತ್ರ ಬಿಡಲಿಲ್ಲ ನೋಡಿ. ದೆವ್ವಕ್ಕೆ ಹೆದರಿದ, ಆದರೆ ಬ್ಯಾಟರಿ ಬೀಳಿಸಿದರೆ ಬೆಳಗ್ಗೆ ಏನು ಗತಿ ಅನ್ನೋದಕ್ಕೆ ಅದಕ್ಕಿಂತ ಜಾಸ್ತಿ ಹೆದರಿದ. ಅದು ಯಾಕೆ ಅಂತ ಹೇಳುತ್ತೇನೆ.

ನಮ್ಮ ನಾದಿನಿಗೆ, ಅಂದರೆ ಅವನ ಹೆಂಡತಿಗೆ, ಎರಡೂ ಕಿಡ್ನಿ ಕೈಕೊಟ್ಟಿದ್ದವು. ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್. ಆಸ್ಪತ್ರೆಯಲ್ಲಿ ಮಷೀನು ಕಡಿಮೆ, ಜನ ಜಾಸ್ತಿ. ಇವಳಿಗೆ ಕೊಟ್ಟಿದ್ದು ಬೆಳಗಿನ ಜಾವದ ಐದು ಗಂಟೆ. ಐದಕ್ಕೆ ಅಲ್ಲಿ ಇರಬೇಕು. ತಡವಾದರೆ ಮುಂದಿನವರನ್ನು ಕೂರಿಸುತ್ತಾರೆ, ಇವಳು ಮತ್ತೆ ಎರಡು ದಿನ ವಿಷದ ರಕ್ತ ಇಟ್ಟುಕೊಂಡು ಕಾಯಬೇಕು. ಆ ಹೊತ್ತಲ್ಲಿ ಬಸ್ಸಿಲ್ಲ, ಆಟೋ ಇಲ್ಲ. ಇದ್ದಿದ್ದು ಒಂದೇ, ಇಪ್ಪತ್ತೆಂಟು ವರ್ಷದ ಆ ಬಿಳಿ ಕಾರು. ಅದರ ಒಳಗಿನ ಒಂದೊಂದು ವೈರನ್ನೂ ಮೀಟರ್ ತಾತನೇ ತನ್ನ ಕೈಯಾರೆ ಹೊಸದಾಗಿ ಎಳೆದಿದ್ದ.

ನಾದಿನಿಗೆ ಬಾಯಿ ಜೋರು, ಕಾಯಿಲೆ ಬಂದಮೇಲೂ. "ನಂಗೂ ಈ ಗಾಡಿಗೂ ಒಂದೇ ಜಾತಕ ಕಣ್ರೀ. ಇಬ್ಬರನ್ನೂ ವಾರಕ್ಕೆ ಮೂರು ಸಲ ಚಾರ್ಜಿಗೆ ಹಾಕ್ಬೇಕು" ಅಂತ ನಗುತ್ತಿದ್ದಳು.

ಸರಿ. ಷಡ್ಡಕ ಓಡಿ ಬಂದಿದ್ದು ತನ್ನ ಮನೆಯ ಎದುರಿನ ನಮ್ಮ ಮನೆಗೆ. ಬಾಗಿಲು ಧಬಧಬ ಬಡಿದ. ತೆಗೆದೆ. ಬ್ಯಾಟರಿ ಇಳಿಸಿ, ಏದುಸಿರು ಬಿಡುತ್ತಾ ಎಲ್ಲ ಹೇಳಿದ.

ನಾನು ಹೊಟ್ಟೆ ಹಿಡಿದು ನಕ್ಕೆ. "ಅಲ್ವೋ ಮಾರಾಯ, ದಿನಾ ಆಸಿಡ್ಡು ಮೂಗಿನ ಹತ್ರ ಇಟ್ಕೊಂಡು ನಡೆದ್ರೆ ತಲೆಗೆ ಆವಿ ಏರುತ್ತೆ. ದೆವ್ವಕ್ಕೆ ಬೇರೆ ಕೆಲಸ ಇಲ್ವಾ, ಬಲ್ಬಿನ ಲೆಕ್ಕ ಕೇಳೋಕೆ?"

"ಅಣ್ಣ, ನನ್ನ ಮಕ್ಕಳಾಣೆ. ಅದೇ ಮಾತು. ಕೆಂಪು ಬಲ್ಬು ಯಾರು ಕಿತ್ತಿದ್ದು ಅಂತ."

ನಗುತ್ತಲೇ ಇದ್ದೆ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಜೇಬು ಮುಟ್ಟಿ ನೋಡಿಕೊಂಡೆ. ಜೇಬಲ್ಲಿ ನನ್ನ ಕನ್ನಡಕದ ಡಬ್ಬಿ. ಡಬ್ಬಿಯೊಳಗೆ ಆ ಬಲ್ಬು.

ಕಿತ್ತವನು ನಾನೇ. ಅದು ಈ ಭೂಮಿ ಮೇಲೆ ನನ್ನೊಬ್ಬನನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ನಾನು ಶಾಲೆ ಮೆಟ್ಟಿಲು ಹತ್ತಿದವನಲ್ಲ. ಆದರೆ ಮೂವತ್ತೆಂಟು ವರ್ಷ ಲಾರಿ ಓಡಿಸಿದವನು. ಎಂಜಿನ್ ಕೆಮ್ಮಿದರೆ ಸಾಕು, ಅದರ ಅಜ್ಜನ ಕಾಯಿಲೆ ಹೇಳುತ್ತಿದ್ದೆ. ಒಂದು ಸಲ ಬ್ರೇಕಿಲ್ಲದ ಲಾರಿಯಲ್ಲಿ ಮಡಕೆ ತುಂಬಿಕೊಂಡು ಬೆಟ್ಟ ಇಳಿಸಿದೆ, ಒಂದು ಮಡಕೆಯೂ ಬಿರುಕು ಬಿಡಲಿಲ್ಲ. ಆ ಕತೆಗೆ ಸ್ವಲ್ಪ ಉಪ್ಪು ಖಾರ ಹಚ್ಚಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಈಗ ಹೇಳುತ್ತಿರೋದಕ್ಕೆ ಉಪ್ಪೂ ಇಲ್ಲ, ಖಾರವೂ ಇಲ್ಲ.

ಮೀಟರ್ ತಾತನಿಗೆ ಮಾತ್ರ ನನ್ನ ಕಂಡರೆ ಆಗುತ್ತಿರಲಿಲ್ಲ. "ಲೋ, ನಿನ್ನ ಕೈಗೆ ಸ್ಟೇರಿಂಗ್ ಕೊಡ್ತೀನಿ, ಸ್ಕ್ರೂಡ್ರೈವರ್ ಕೊಡಲ್ಲ" ಅನ್ನುತ್ತಿದ್ದ. ನಾನು ಯಾವುದಾದರೂ ವೈರು ಮುಟ್ಟಿದ್ದು ಕಂಡರೆ ಮಾತಾಡುತ್ತಲೂ ಇರಲಿಲ್ಲ. ನಾಲಗೆಯನ್ನು ಹಲ್ಲಿಗೆ ಒತ್ತಿ ಒಂದೇ ಸಲ, "ತ್ಚ್." ಆ ಸದ್ದು ಕಪಾಳಕ್ಕೆ ಹೊಡೆದ ಹಾಗಿರುತ್ತಿತ್ತು.

ಆದದ್ದು ಇಷ್ಟೇ. ಒಂದು ಸಂಜೆ ಆಸ್ಪತ್ರೆಗೆ ಸುಮ್ಮನೆ ಚೀಟಿ ತರೋದಕ್ಕೆ ಹೋಗಿ ಬರುವಾಗ ಮೀಟರಿನಲ್ಲಿ ಬ್ಯಾಟರಿ ಗುರುತಿನ ಕೆಂಪು ದೀಪ ಹತ್ತಿಕೊಂಡಿತು. ಮನೆಗೆ ಬರೋ ತನಕ ಆರಲಿಲ್ಲ. ನಾದಿನಿ ಹೆದರಿದಳು. "ಭಾವ, ಅದು ನನ್ನನ್ನೇ ದುರುಗುಟ್ಟಿಕೊಂಡು ನೋಡ್ತಾ ಇದೆ."

"ಬಿಡು, ನಾನಿಲ್ವಾ?" ಅಂದೆ. ಬಾನೆಟ್ ಎತ್ತಿದೆ. ಬ್ಯಾಟರಿಗೆ ಚಾರ್ಜ್ ತುಂಬೋ ಡೈನಮೋ ತಿರುಗಿಸೋ ಬೆಲ್ಟು ಸಡಿಲ ಆಗಿತ್ತು. ಬಿಗಿ ಮಾಡಿದೆ. ಸರಿಯಾದ ಕೆಲಸವೇ ಮಾಡಿದೆ, ಯಾರನ್ನು ಬೇಕಾದರೂ ಕೇಳಿ. ಎಂಜಿನ್ ಶುರು ಮಾಡಿದರೆ ದೀಪ ಆರಿತು... ಮತ್ತೆ ಒಂದು ಸಲ ಮಿಣುಕ್ ಅಂತು. ಆರಿತು. ಮತ್ತೆ ಮಿಣುಕ್. ಎದುರಿಗೆ ನಾದಿನಿ, ಷಡ್ಡಕ, ನನ್ನ ಹೆಂಡತಿ, ಪಕ್ಕದ ಮನೆಯವರು. ಎಲ್ಲರ ಮುಂದೆ ಮರ್ಯಾದೆ ಪ್ರಶ್ನೆ. "ಹೋಗೋ, ಒಂದು ಚೊಂಬು ನೀರು ತಾ" ಅಂತ ಷಡ್ಡಕನನ್ನು ಒಳಗೆ ಕಳಿಸಿದೆ. ಉಳಿದವರೆಲ್ಲ ಬಾನೆಟ್ ಕಡೆ ಬಗ್ಗಿ ನೋಡುತ್ತಿದ್ದಾಗ ಮೀಟರಿನ ಹಿಂದೆ ಕೈ ಹಾಕಿದೆ. ಕಡಲೆಕಾಳಿನಷ್ಟು ಬಲ್ಬು. ತಿರುಗಿಸಿ ಎಳೆದೆ. ಡಬ್ಬಿಗೆ ಹಾಕಿದೆ.

"ನೋಡಿ. ಹೋಯ್ತು ದೀಪ."

"ಭಾವ ಇದ್ರೆ ಗ್ಯಾರೇಜ್ ಯಾಕೆ!" ಅಂದಳು ನಾದಿನಿ. ಆವತ್ತು ನಾನು ಎರಡು ತುತ್ತು ಜಾಸ್ತಿ ಊಟ ಮಾಡಿದೆ.

ಮಾರನೇ ದಿನದಿಂದ ಬ್ಯಾಟರಿ ಇಳಿಯೋಕೆ ಶುರು ಆಯಿತು.

ನಾನೇನು ಕನಸು ಕಂಡಿದ್ದೆನಾ? ದೀಪ ಅಂದರೆ ಬರೀ ತೋರಿಸೋದಕ್ಕೆ ಇರೋದು ಅಂದುಕೊಂಡಿದ್ದೆ. ಜ್ವರ ನೋಡೋ ಕಡ್ಡಿ ಮುರಿದರೆ ಜ್ವರ ಬರುತ್ತಾ? ಹಾಗೆ.

ಮೆಕ್ಯಾನಿಕ್ಕು ಒಬ್ಬ ಇದ್ದ. ಬಾಯಲ್ಲಿ ಸದಾ ಒಂದು ಬೆಂಕಿಕಡ್ಡಿ ಕಚ್ಚಿಕೊಂಡಿರುತ್ತಿದ್ದ, ಅದಕ್ಕೇ ಅವನಿಗೆ ಬೆಂಕಿಕಡ್ಡಿ ಅಂತಲೇ ಹೆಸರು. ಊಟಕ್ಕೂ ತೆಗೆಯುತ್ತಿರಲಿಲ್ಲ ಅಂತ ಜನ ಹೇಳುತ್ತಿದ್ದರು. ಗಾಡಿಯನ್ನು ಹಗ್ಗ ಕಟ್ಟಿ ಎಳೆದುಕೊಂಡು ಅವನ ಹತ್ತಿರ ಹೋದೆವು.

"ಬ್ಯಾಟರಿ ಹಳೇದು. ಬದಲಾಯಿಸಿ."

ಬದಲಾಯಿಸಿದೆವು. ಎರಡೇ ದಿನ. ಹೊಸ ಬ್ಯಾಟರಿಯೂ ಮಲಗಿತು.

"ಬೆಲ್ಟು ಜಾರ್ತಿರಬೇಕು." ಹೊಸ ಬೆಲ್ಟು. ಕೀಂ... ಅಂತ ಒಂದು ದಿನ ಕಿರುಚಿ ಸುಮ್ಮನಾಯಿತು. ಬ್ಯಾಟರಿ ಮಲಗಿತು.

"ಅರ್ಥಿಂಗ್ ಸರಿ ಇಲ್ಲ." ಎಂಜಿನ್ನಿಗೂ ಬಾಡಿಗೂ ನಡುವಿನ ದಪ್ಪ ವೈರು ಬಿಚ್ಚಿ, ಉಜ್ಜಿ, ಹೊಳೆಯುವ ಹಾಗೆ ಮಾಡಿ ಹಾಕಿದ. ಬ್ಯಾಟರಿ ಮಲಗಿತು.

ಆಮೇಲೆ ಡೈನಮೋವನ್ನೇ ಬಿಚ್ಚಿದ. ಒಳಗಿನ ಕಾರ್ಬನ್ನು ಸವೆದಿದೆ ಅಂತ ಹೊಸದು ಹಾಕಿದ. ಮೇಜಿನ ಮೇಲೆ ಇಟ್ಟು ಮೋಟರಿಂದ ತಿರುಗಿಸಿ ನೋಡಿದ. ವೋಲ್ಟ್ ಮೀಟರಿನ ಮುಳ್ಳು ಹದಿನಾಲ್ಕಕ್ಕೆ ಹೋಗಿ ನಿಂತಿತು. ಎಳೇ ಹುಡುಗಿ ಹಾಡಿದ ಹಾಗೆ ಚಾರ್ಜ್ ಆಗುತ್ತಿತ್ತು. ತಂದು ಗಾಡಿಗೆ ಹಾಕಿದ. ಹನ್ನೊಂದೂವರೆ ವೋಲ್ಟು. ಮುಳ್ಳು ಅಲುಗಲಿಲ್ಲ.

ಬೆಂಕಿಕಡ್ಡಿ ಸ್ಪ್ಯಾನರನ್ನು ನೆಲಕ್ಕೆ ಎಸೆದ. ಖಣ್! "ಏನ್ರೀ ಇದು? ಮೇಜಿನ ಮೇಲೆ ಬದುಕುತ್ತೆ, ಗಾಡಿಗೆ ಹಾಕಿದ್ರೆ ಸಾಯುತ್ತೆ! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಾ ಇದ್ದೀನಾ ನಾನು?"

ಷಡ್ಡಕ ಪಕ್ಕದ ಟೈರಿನ ಮೇಲೆ ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದ. "ನಾಳೆ ಬುಧವಾರ" ಅಂದ. 

ಬೆಂಕಿಕಡ್ಡಿ ನನ್ನ ಕಡೆ ತಿರುಗಿದ. "ಯಜಮಾನ್ರೇ, ಒಂದು ಹೇಳಿ. ಕೀ ತಿರುಗಿಸಿದಾಗ ಕೆಂಪು ದೀಪ ಹತ್ತುತ್ತಾ? ಎಂಜಿನ್ ಎದ್ದಮೇಲೆ ಆರುತ್ತಾ?"

ಅದೊಂದು ಘಳಿಗೆ. ಆಗ ಬಾಯಿ ಬಿಟ್ಟಿದ್ದರೆ ಐದು ನಿಮಿಷದ ಕೆಲಸ. ಆದರೆ ಷಡ್ಡಕ ತಲೆ ಎತ್ತಿ ನನ್ನ ಮುಖವನ್ನೇ ನೋಡುತ್ತಿದ್ದ. ಭಾವ ಇದ್ರೆ ಗ್ಯಾರೇಜ್ ಯಾಕೆ.

"ಹ್ಞೂಂ" ಅಂದೆ ಗಟ್ಟಿಯಾಗಿ. "ಹತ್ತುತ್ತೆ. ಆರುತ್ತೆ. ಗಡಿಯಾರದ ಹಾಗೆ."

"ಹಾಗಾದ್ರೆ ಆ ಕಡೆ ತೊಂದ್ರೆ ಇಲ್ಲ" ಅಂದ ಅವನು. ಮತ್ತೆ ಬೇರೆ ಕಡೆ ಹುಡುಕೋಕೆ ಹೋದ. ಊರಿಗೆಲ್ಲ ಶಕುನ ಹೇಳೋ ಹಲ್ಲಿ ಬಚ್ಚಲಲ್ಲಿ ಬಿದ್ದಿತ್ತು. ಅದು ನಾನು.

ಷಡ್ಡಕನಿಗೆ ಬಾವಿಯ ಹತ್ತಿರ ಪಿಸುಮಾತು ಕೇಳಿದ್ದು ಅದೇ ರಾತ್ರಿ.

ಮಾರನೇ ಬೆಳಗ್ಗೆ ಹೇಗೋ ಆಸ್ಪತ್ರೆಗೆ ಹೋಗಿ ಬಂದರು. ಬಂದವನೇ ಷಡ್ಡಕ ಕೇಳಿದ. "ಅಣ್ಣ, ಮೊದಲು ಕೀ ತಿರುಗಿಸಿದ ತಕ್ಷಣ ಒಂದು ಕೆಂಪು ದೀಪ ಹತ್ತುತ್ತಿತ್ತಲ್ವಾ? ಈಗ ಹತ್ತಲ್ಲ. ನೀವು ಹತ್ತುತ್ತೆ ಅಂದ್ರಲ್ಲ ಅವನಿಗೆ?"

"ಬಿಸಿಲಲ್ಲಿ ಕಾಣಲ್ಲ ಕಣೋ."

"ನಾನು ನೋಡಿದ್ದು ಕತ್ತಲಲ್ಲಿ."

"ದೀಪ ಹತ್ತಿದ್ರೆ ರೋಗ, ಹತ್ತದಿದ್ರೆ ಆರೋಗ್ಯ. ಸುಮ್ನಿರು" ಅಂದೆ. ಸುಮ್ಮನಾದ. ಅವನು ನನ್ನ ಮಾತಿಗೆ ಎದುರಾಡಿದವನಲ್ಲ. ಅದೇ ನನಗೆ ಕಷ್ಟ ಆಗಿದ್ದು.

ನಾನೇನು ಕಲ್ಲಲ್ಲ. ಆ ಮಧ್ಯಾಹ್ನವೇ ಬಲ್ಬನ್ನು ಸದ್ದಿಲ್ಲದೆ ವಾಪಸ್ ಸಿಕ್ಕಿಸೋಣ ಅಂತ ಹೋದೆ. ಕಾರಿನ ಬಾಗಿಲು ತೆಗೆದೆ. ಮೀಟರಿನ ಹಿಂದೆ ಕೈ ಹಾಕಿದ್ದೆ...

"ಏನು ಭಾವ, ಕಾರಿಗೆ ನಾಡಿ ನೋಡ್ತಿದ್ದೀರಾ?" ಕಿಟಕಿಯಲ್ಲಿ ನಾದಿನಿ.

ಕೈ ಎಳೆದುಕೊಂಡೆ. "ಧೂಳು... ಧೂಳು ಒರೆಸ್ತಿದ್ದೆ."

"ಮೀಟರಿನ ಹಿಂದೇನಾ? ಅಕ್ಕನ ಮನೇಲಿ ಒಂದು ದಿನಾನೂ ಪೊರಕೆ ಮುಟ್ಟಿದವರಲ್ಲ ನೀವು."

ವಾಪಸ್ ಬಂದೆ. ನಾಳೆ ಅಂದುಕೊಂಡೆ. ಮರುದಿನವೂ ನಾಳೆ ಅಂದುಕೊಂಡೆ.

ಶುಕ್ರವಾರ ಗಾಡಿ ಮನೆಯ ಗೇಟಿನ ಮುಂದೆಯೇ ಸತ್ತಿತು. ಟಿಕ್. ಟಿಕ್. ಟಿಕ್. ಷಡ್ಡಕ ಸ್ಟೇರಿಂಗಿಗೆ ಗುದ್ದಿದ. ತಳ್ಳಿದೆವು, ಏಳಲಿಲ್ಲ. ನಾದಿನಿಯ ಆ ದಿನದ ಡಯಾಲಿಸಿಸ್ ತಪ್ಪಿತು. ಅದರ ಹಿಂದೆಯೇ ಶನಿವಾರ, ಭಾನುವಾರ. ಆಸ್ಪತ್ರೆಯಲ್ಲಿ ಎರಡೂ ದಿನ ಜಾಗ ಇಲ್ಲ ಅಂದರು. "ಸೋಮವಾರ ತಪ್ಪಿಸಬೇಡಿ. ಸೋಮವಾರವೂ ತಪ್ಪಿದರೆ ನಮ್ಮ ಕೈಲಿ ಏನೂ ಇರಲ್ಲ" ಅಂದರಂತೆ ಡಾಕ್ಟರು ಫೋನಿನಲ್ಲಿ. ಭಾನುವಾರ ಸಂಜೆಗೆ ಅವಳ ಕಾಲು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ದಿಂಬಿಗೆ ಒರಗಿಕೊಂಡೇ ಉಸಿರಾಡುತ್ತಿದ್ದಳು. ಆವತ್ತು ಅವಳು ಒಂದು ತಮಾಷೆಯ ಮಾತೂ ಆಡಲಿಲ್ಲ.

ಆ ರಾತ್ರಿ ಚಾರ್ಜಿಂಗ್ ಅಂಗಡಿಯಲ್ಲಿ ಮೂರು ಗಂಟೆ ಕರೆಂಟು ಹೋಗಿತ್ತು. ಬ್ಯಾಟರಿ ಅರ್ಧ ಹೊಟ್ಟೆಯಲ್ಲೇ ವಾಪಸ್ ಬಂತು. ನಾನೂ ಜೊತೆಗೆ ಬರುತ್ತೇನೆ ಅಂದೆ, ತಳ್ಳೋಕೆ ಒಬ್ಬರು ಬೇಕಲ್ಲ. ಆತುರದಲ್ಲಿ ಅಂಗಿ ಬದಲಾಯಿಸಿ ಹೊರಟೆ.

ಬೆಳಗಿನ ಜಾವ ನಾಲ್ಕು. ಮಂಜು ಹಾಲಿನ ಹಾಗೆ ಇಳಿದಿತ್ತು. ದೊಡ್ಡ ದೀಪ ಹಾಕಬೇಕು, ವೈಪರ್ ಹಾಕಬೇಕು. ಎರಡೂ ಬ್ಯಾಟರಿಯ ರಕ್ತ ಹೀರೋವೇ. ಡೈನಮೋ ಒಂದು ತೊಟ್ಟೂ ತುಂಬುತ್ತಿಲ್ಲ. ಷಡ್ಡಕ ದೀಪ ಆರಿಸೋದು, ನಾಲ್ಕು ಮಾರು ಕುರುಡಾಗಿ ಓಡಿಸೋದು, ಮತ್ತೆ ಹಾಕೋದು. ಹೀಗೇ. ಬೆಳಕು ಬಿಳಿಯಿಂದ ಹಳದಿ ಆಯಿತು. ಹಳದಿಯಿಂದ ಕೆಂಡದ ಬಣ್ಣಕ್ಕೆ ಬಂತು. ವೈಪರ್ ಅರ್ಧದಲ್ಲಿ ನಿಂತಿತು. ಎಂಜಿನ್ ಒಂದು ಸಲ ಬಿಕ್ಕಿತು... ಎರಡು ಸಲ... ಉಸ್ ಅಂತ ನಿಂತಿತು.

ನಿಂತಿದ್ದು ಎಲ್ಲಿ ಅಂತ ಕೇಳಬೇಡಿ. ಕಿಟಕಿ ಇಳಿಸಿದರೆ ಕೈಗೆ ಸಿಗೋ ಹಾಗೆ ಬಾವಿಯ ರಾಟೆ. ಈ ಕಡೆ ತಗಡಿನ ಶೆಡ್ಡು.

ಷಡ್ಡಕ ಕೀ ತಿರುಗಿಸಿದ. ಟಿಕ್. ಇನ್ನೊಂದು ಸಲ. ಅದೂ ಇಲ್ಲ.

ಇಬ್ಬರೂ ಇಳಿದು ತಳ್ಳಿದೆವು. ಗಾಡಿ ಗುಂಡುಕಲ್ಲಿನ ಹಾಗೆ ಕೂತಿತ್ತು. ಆಂಬುಲೆನ್ಸಿಗೆ ಫೋನು ಮಾಡಿದ. "ಮುಕ್ಕಾಲು ಗಂಟೆ ಆಗುತ್ತಂತೆ" ಅಂದ. ಫೋನನ್ನು ಕಿವಿಯಿಂದ ತೆಗೆಯೋದನ್ನೇ ಮರೆತ. ಗಂಟೆ ನಾಲ್ಕು ಇಪ್ಪತ್ತು. ಅಲ್ಲಿಂದ ಆಸ್ಪತ್ರೆಗೆ ಅರ್ಧ ಗಂಟೆ ದಾರಿ. ಮತ್ತೆ ಒಳಗೆ ಬಂದು ಕೂತೆವು. ಬೇರೇನು ಮಾಡೋದು ಗೊತ್ತಾಗಲಿಲ್ಲ. ಹಿಂದಿನ ಸೀಟಿನಿಂದ ನಾದಿನಿಯ ಉಸಿರು ಮಾತ್ರ. ಹೂಂ... ಹೂಂ... ನೀರಿನೊಳಗಿಂದ ಎಳೆದ ಹಾಗೆ.

ಷಡ್ಡಕ ಅಳುತ್ತಿದ್ದ. ಸದ್ದಿಲ್ಲದೆ. "ಎಲ್ಲಾ ಮಾಡಿಸಿದೆ ಅಣ್ಣ. ಇನ್ನೇನು ಬಿಟ್ಟಿದ್ದೀನಿ? ಇನ್ನೇನು ಬಿಟ್ಟಿದ್ದೀನಿ ಹೇಳಿ?"

ಟಕ್... ಟಕ್.

ಈ ಸಲ ಶೆಡ್ಡಿನಿಂದ ಅಲ್ಲ. ಕಾರಿನ ಒಳಗಿಂದ. ನಮ್ಮಿಬ್ಬರ ಎದುರಿನ ಮೀಟರಿನ ಗಾಜಿಂದ. ಷಡ್ಡಕನ ಎರಡೂ ಕೈ ಸ್ಟೇರಿಂಗ್ ಮೇಲಿತ್ತು. ನನ್ನ ಕೈ ಮೊಣಕಾಲ ಮೇಲೆ.

ಟಕ್... ಟಕ್.

ನಾದಿನಿ ಕೂಡ ಕೇಳಿಸಿಕೊಂಡಳು. "ಯಾರದು?" ಅಂದಳು ಮೆತ್ತಗೆ.

ಎರಡು ಸೀಟುಗಳ ನಡುವಿನಿಂದ ಪಿಸುಮಾತು ಬಂತು. ತಾತನ ಬೀಡಿಯ ವಾಸನೆ, ಬೆಸುಗೆಗೆ ಕಾಯಿಸಿದ ಸೀಸದ ವಾಸನೆ.

"ಯಾರು ಕಿತ್ತಿದ್ದು?"

   ನನ್ನ ಆಯಸ್ಸಿನಲ್ಲಿ ಹುಲಿ ಎದುರಿಗೆ ನಿಂತಿದ್ದೇನೆ, ಕಳ್ಳರ ಗುಂಪಿನ ಎದುರಿಗೆ ನಿಂತಿದ್ದೇನೆ. ಆ ಒಂದು ಮಾತು ಹೇಳೋದಕ್ಕೆ ಬೇಕಾದಷ್ಟು ಧೈರ್ಯ ಅದು ಯಾವುದಕ್ಕೂ ಬೇಕಾಗಿರಲಿಲ್ಲ.

"ನಾನು" ಅಂದೆ.

ಷಡ್ಡಕ ನನ್ನ ಕಡೆ ತಿರುಗಿದ. ಕತ್ತಲಲ್ಲಿ ಮುಖ ಕಾಣಲಿಲ್ಲ. ಅದು ಒಳ್ಳೇದೇ ಆಯಿತು.

"ಎಲ್ಲಿ?" ಅಂತು ಪಿಸುಮಾತು.

ಜೇಬಿಗೆ ಕೈ ಹಾಕಿದೆ. ಡಬ್ಬಿ ಇಲ್ಲ! ಹಳೇ ಅಂಗಿಯ ಜೇಬಿಂದ ತೆಗೆದು ಮನೆಯ ಗೋಡೆಗೂಡಿನಲ್ಲಿ ಇಟ್ಟಿದ್ದು ನೆನಪಾಯಿತು. ಕೊಡಬೇಕು ಅಂತ ಮನಸ್ಸು ಬಂದ ದಿನ ಕೈಯಲ್ಲಿ ಇಲ್ಲ.

"ಮನೇಲಿದೆ..." ಅಂದೆ. "ಗೂಡಲ್ಲಿ. ಕನ್ನಡಕದ ಡಬ್ಬಿಯೊಳಗೆ. ತಾತಾ... ಅದರಿಂದ ಚಾರ್ಜು ನಿಲ್ಲುತ್ತೆ ಅಂತ ನಂಗೆ ಗೊತ್ತಿರಲಿಲ್ಲ."

 ರಾಟೆ ಕಿರ್ರ್... ಅಂತು.

ಆಮೇಲೆ ನನ್ನ ಕಿವಿಯೊಳಗೇ, ಹಲ್ಲಿಗೆ ನಾಲಗೆ ಒತ್ತಿದ ಸದ್ದು.

"ತ್ಚ್."

ಕೆಂಪು ದೀಪ ಹತ್ತಿತು.

ಮೀಟರಿನಲ್ಲಿ. ಬ್ಯಾಟರಿ ಗುರುತಿನ ಜಾಗದಲ್ಲಿ. ಷಡ್ಡಕನ ಬೆರಳಿನ ಗೆಣ್ಣುಗಳೆಲ್ಲ ಕೆಂಪಾಗಿ ಕಂಡವು. ಅವನು ಗೇರ್ ಎರಡಕ್ಕೆ ಹಾಕಿ ಕ್ಲಚ್ ಒತ್ತಿ ಹಿಡಿದ. ಒಂದೇ ಮಾತು. "ತಳ್ಳಿ."

ನಾನೊಬ್ಬನೇ ಇಳಿದು ತಳ್ಳಿದೆ. ಅರವತ್ತೇಳು ವರ್ಷದವನು ಒಬ್ಬನೇ ಕಾರು ತಳ್ಳಿ ಎಬ್ಬಿಸಿದೆ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಇವತ್ತು ನಿಜ ಹೇಳುತ್ತೇನೆ. ಐದು ನಿಮಿಷದ ಹಿಂದೆ ಇಬ್ಬರು ತಳ್ಳಿದರೂ ಅಲುಗದ ಗಾಡಿ, ನಾನು ಅಂಗೈ ಇಡೋ ಮೊದಲೇ ಹೊರಟಿತ್ತು.

ಕ್ಲಚ್ ಬಿಟ್ಟ. ಗಡಕ್! ಎಂಜಿನ್ ಗುರ್ರ್ ಅಂತ ಎದ್ದಿತು. ಕೆಂಪು ದೀಪ ಆರಿತು. ಹೇಗೆ ಆರಬೇಕೋ ಹಾಗೆ. ನಾನು ಓಡಿ ಹೋಗಿ ಹತ್ತಿದೆ. ಮುಂದಿನ ದೀಪ ಕೆಂಡದಿಂದ ಹಳದಿಗೆ, ಹಳದಿಯಿಂದ ಬೆಳ್ಳನೆ ಬಿಳಿಗೆ ಏರಿತು. ಮಂಜಿನೊಳಗೆ ರಸ್ತೆ ಹಗಲಿನ ಹಾಗೆ ಕಂಡಿತು. ಅರ್ಧಕ್ಕೆ ನಿಂತಿದ್ದ ವೈಪರ್ ತಾನಾಗಿಯೇ ಕೆಳಗೆ ಬಂತು.

 ಸುಮಾರು ದೂರ ಹೋದಮೇಲೆ ಹಿಂದಿನಿಂದ ನಾದಿನಿಯ ದನಿ.

"ಒಂದು ತಿಂಗಳು, ಭಾವ."

ಅಷ್ಟೇ ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಆ ಅರ್ಧ ಗಂಟೆಯ ದಾರಿಯನ್ನು ಷಡ್ಡಕ ಹೇಗೆ ನುಂಗಿದನೋ ಅವನಿಗೇ ಗೊತ್ತಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ನರ್ಸು ಗಡಿಯಾರ ನೋಡಿ, "ಐದಕ್ಕೆ ಇನ್ನೂ ಎರಡು ನಿಮಿಷ ಇದೆ, ಬನ್ನಿ ಬನ್ನಿ" ಅಂತ ಗಾಲಿಕುರ್ಚಿ ತಳ್ಳಿಕೊಂಡು ಹೋದಳು. ಷಡ್ಡಕನೂ ನಾನೂ ಹೊರಗಿನ ಬೆಂಚಿನ ಮೇಲೆ ನಾಲ್ಕು ಗಂಟೆ ಕೂತೆವು. ಅವನು ಬೆಳಕು ಹರಿದಮೇಲೆ ಎದ್ದು ಹೋಗಿ ಎರಡು ಲೋಟ ಚಹಾ ತಂದ. ಒಂದನ್ನು ನನ್ನ ಪಕ್ಕದಲ್ಲಿ ಇಟ್ಟ. ಕೈಗೆ ಕೊಡಲಿಲ್ಲ, ಪಕ್ಕದಲ್ಲಿ ಇಟ್ಟ. ಕುಡಿದೆ.

ಅವಳನ್ನು ಕರೆದುಕೊಂಡು ಬರುವಾಗ ಗಾಡಿ ಮೊದಲ ಏಟಿಗೇ ಎದ್ದಿತು. ಅವಳನ್ನು ಮನೆಗೆ ಬಿಟ್ಟು ಸೀದಾ ಬೆಂಕಿಕಡ್ಡಿಯ ಹತ್ತಿರ ಹೋದೆವು. ನಾನೇ ಎಲ್ಲ ಹೇಳಿದೆ. ಬಲ್ಬು ಕಿತ್ತಿದ್ದು, ಸುಳ್ಳು ಹೇಳಿದ್ದು, ಎಲ್ಲ. ಬಾವಿಯ ಹತ್ತಿರದ್ದು ಮಾತ್ರ ಹೇಳಲಿಲ್ಲ.

"ಅಯ್ಯೋ ಯಜಮಾನ್ರೇ!" ಅಂತ ಹಣೆ ಚಚ್ಚಿಕೊಂಡ. "ಈ ಹಳೇ ಗಾಡಿಗಳಲ್ಲಿ ಆ ಬಲ್ಬಿನ ಮೂಲಕಾನೇ ಮೊದಲ ಚೂರು ಕರೆಂಟು ಡೈನಮೋಗೆ ಹೋಗೋದು. ಅದು ಹೋದ್ರೇನೇ ಡೈನಮೋ ಎಚ್ಚರ ಆಗೋದು. ಬಲ್ಬಿಲ್ದೆ ಅದು ಹೆಣದ ಹಾಗೆ ಸುಮ್ನೆ ಸುತ್ತುತ್ತೆ. ಒಂದು ತಿಂಗಳು ಬೆಟ್ಟ ಅಗೆದ್ನಲ್ಲ ನಾನು!"

ಎಂಜಿನ್ ಓಡುತ್ತಲೇ ಇತ್ತು. ಬೆಂಕಿಕಡ್ಡಿ ಬ್ಯಾಟರಿಗೆ ವೋಲ್ಟ್ ಮೀಟರ್ ಇಟ್ಟ. ಹದಿನಾಲ್ಕು.

"ಯಾರು ಬಲ್ಬು ಹಾಕಿದ್ದು?"

"ಯಾರೂ ಹಾಕಿಲ್ಲ" ಅಂದ ಷಡ್ಡಕ.

ಎಂಜಿನ್ ಆರಿಸಿದ. ಮತ್ತೆ ಕೀ ತಿರುಗಿಸಿದ. ಕೆಂಪು ದೀಪ ಹತ್ತಿತು. ಎಂಜಿನ್ ಎದ್ದಿತು, ದೀಪ ಆರಿತು. ಬೆಂಕಿಕಡ್ಡಿ ಮೀಟರಿನ ಸ್ಕ್ರೂ ಬಿಚ್ಚಿ ಮುಂದಕ್ಕೆ ಎಳೆದ. ಬಗ್ಗಿ ಬೆಳಕು ಬಿಟ್ಟು ನೋಡಿದ. ಬಲ್ಬು ಕೂರೋ ಹೋಲ್ಡರ್ ಖಾಲಿ. ಒಳಗೆ ಒಂದು ಜೇಡ ಬಲೆ ಕಟ್ಟಿತ್ತು. ಬಲೆ ಹರಿದಿರಲಿಲ್ಲ.

ಅವನು ಬಾಯಿಂದ ಬೆಂಕಿಕಡ್ಡಿ ತೆಗೆದ. ಅದು ಇಲ್ಲದ ಅವನ ಬಾಯಿಯನ್ನು ನಾನು ನೋಡಿದ್ದು ಅವತ್ತೇ ಮೊದಲು. ಒಂದು ಹೊಸ ಬಲ್ಬು ತಂದು, ಹೋಲ್ಡರಿಗೆ ಸಿಕ್ಕಿಸಿ, ಮೀಟರ್ ಮುಚ್ಚಿದ. ಆಮೇಲೆ ಆ ಗಾಡಿ ನಾಲ್ಕು ವರ್ಷ ಓಡಿತು. ಒಂದು ಸೋಮವಾರವೂ ತಪ್ಪಲಿಲ್ಲ.

ಮನೆಗೆ ಬಂದೆ. ಚಪ್ಪಲಿ ಬಿಡೋ ಮೊದಲೇ ನನ್ನ ಹೆಂಡತಿ ಶುರು ಮಾಡಿದಳು.

"ರೀ, ನಿಮ್ಮ ಕನ್ನಡಕದ ಡಬ್ಬಿಯೊಳಗೆ ಏನು ಇಟ್ಟಿದ್ರಿ? ನಾಲ್ಕೂವರೆಗೆ ಬಟ್ಟೆ ಸುಟ್ಟ ವಾಸನೆ ಬಂದು ಎಚ್ಚರ ಆಯ್ತು. ಮನೆಯೆಲ್ಲ ಹುಡುಕಿದೆ. ಗೂಡಿಂದ ಬರ್ತಾ ಇತ್ತು. ಮುಟ್ಟಿದ್ರೆ ಕಾದ ಕಾವಲಿ!"

ಡಬ್ಬಿ ತೆಗೆದೆ. ಒಳಗಿನ ನೀಲಿ ಮಕಮಲ್ಲಿನಲ್ಲಿ ಕಡಲೆಕಾಳಿನಷ್ಟು ಗುಂಡಗೆ ಸುಟ್ಟ ಕಲೆ. ಅದರ ಮೇಲೆ ಬಲ್ಬು. ಮುಟ್ಟಿದೆ. ಇನ್ನೂ ಬೆಚ್ಚಗಿತ್ತು.

ನಂಬದವರು ಹಗಲು ಹೊತ್ತು ಮನೆಗೆ ಬನ್ನಿ. ಡಬ್ಬಿ ಅದೇ ಗೂಡಿನಲ್ಲಿದೆ. ಕನ್ನಡಕವನ್ನು ನಾನು ಈಗ ಜೇಬಲ್ಲೇ ಇಟ್ಟುಕೊಳ್ಳುತ್ತೇನೆ.